ಹೆಸರು ತೆಗೆದ ಮೇಲಿನ ಬಾಕಿ

ಸದಸ್ಯತ್ವ ಬಿಟ್ಟವರಿಂದ ಮತ್ತೆ ಹಣ ಕೇಳಬಹುದೇ? ಜಿಮ್ಮು, ಸಿನಿಮಾ ಆ್ಯಪ್‌ಗಳ ಕಾಲದ ಪ್ರಶ್ನೆಯಂತೆ ಇದು ಕೇಳಿಸುತ್ತದೆ. ಆದರೆ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಸೀಮೆಯಲ್ಲಿ ಈ ಪ್ರಶ್ನೆಗೆ ನೂರು ವರ್ಷ ದಾಟಿದ ಚರಿತ್ರೆಯಿದೆ. ಅದು ಶುರುವಾಗುವುದು ಹಳ್ಳಿಯ ಸೊಸೈಟಿಯಲ್ಲಿ.

ಗದಗ ಆಗ ಧಾರವಾಡ ಜಿಲ್ಲೆಯ ಭಾಗ, ಧಾರವಾಡ ಮುಂಬಯಿ ಪ್ರಾಂತದ ಭಾಗ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘವೊಂದು ಹುಟ್ಟಿತು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಇಂದಿಗೂ ಹೆಸರಾಗಿರುವುದು ಅದೇ. ಸಾವಕಾರನ ಬಡ್ಡಿಯಿಂದ ಒಕ್ಕಲಿಗನನ್ನು ಬಿಡಿಸುವುದು ಇಂಥ ಸಂಘಗಳ ಉದ್ದೇಶವಾಗಿತ್ತು.

ಆದರೆ ಅಡವಿಡಲು ಹೆಚ್ಚೇನೂ ಇಲ್ಲದ ರೈತರ ಸಂಘಕ್ಕೆ ಹೊರಗಿನವರು ಯಾವ ಧೈರ್ಯದ ಮೇಲೆ ಸಾಲ ಕೊಡಬೇಕು? ಉತ್ತರ ಜರ್ಮನಿಯಿಂದ ಬಂದಿತ್ತು. ಅಲ್ಲಿ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಕಟ್ಟಿದ ಹಳ್ಳಿಯ ಸಂಘಗಳಲ್ಲಿ ಎಲ್ಲ ಸದಸ್ಯರೂ ಸೇರಿ ಎಲ್ಲ ಸಾಲಕ್ಕೂ ಹೊಣೆಯಾಗುತ್ತಿದ್ದರು. ಮದರಾಸು ಸರಕಾರಕ್ಕಾಗಿ ಫ್ರೆಡರಿಕ್ ನಿಕೋಲ್ಸನ್ ಬರೆದ ವರದಿ ಆ ಮಾದರಿಯನ್ನು ಇಲ್ಲಿಗೆ ಪರಿಚಯಿಸಿತು. 1904ರ ಕಾಯ್ದೆ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಇದನ್ನೇ ವಿಧಿಸಿತು. ಅದಕ್ಕೆ ಅಪರಿಮಿತ ಹೊಣೆ ಎಂದು ಹೆಸರು. ಸದಸ್ಯನ ಹೆಸರೇ ಜಾಮೀನು. ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲ-ಮನೆಗೂ ಅದರ ಬಿಸಿ ತಟ್ಟಬಹುದಿತ್ತು.

ಬಿಟ್ಟುಹೋಗುವವನ ಪ್ರಶ್ನೆ ಏಳುವುದು ಇಲ್ಲಿಯೇ. ಒಂದು ಊರನ್ನು ಊಹಿಸಿಕೊಳ್ಳೋಣ. ಮೂವತ್ತು ಜನರ ಹೆಸರು ನೋಡಿ ಬ್ಯಾಂಕು ಸಂಘಕ್ಕೆ ಸಾಲ ಕೊಟ್ಟಿದೆ. ಮಳೆ ಕೈಕೊಡುತ್ತದೆ. ಇದ್ದವರಲ್ಲಿ ಸ್ವಲ್ಪ ಅನುಕೂಲಸ್ಥರಾದ ಐದು ಜನ ರಾಜೀನಾಮೆ ಬರೆದುಕೊಟ್ಟು ಹೊರನಡೆಯುತ್ತಾರೆ. ಅವರ ಹೊಣೆ ಆ ಕ್ಷಣಕ್ಕೇ ಮುಗಿಯಿತೆಂದರೆ ಪೂರ್ತಿ ಭಾರ ಬಡವರಾದ ಇಪ್ಪತ್ತೈದು ಜನರ ಮೇಲೆ ಬೀಳುತ್ತದೆ. ಮುಗಿಯುವುದೇ ಇಲ್ಲವೆಂದರೆ, ಒಮ್ಮೆ ಸೇರಿದವನಿಗೆ ಬಿಡುಗಡೆಯೇ ಇಲ್ಲ.

1912ರ ಸಹಕಾರ ಸಂಘಗಳ ಕಾಯ್ದೆ ಇದಕ್ಕೆ ಎರಡು ಗೆರೆ ಎಳೆಯಿತು. ಬಿಟ್ಟ ದಿನ ಸಂಘಕ್ಕೆ ಎಷ್ಟು ಸಾಲವಿತ್ತೋ ಅಷ್ಟಕ್ಕೆ ಮಾತ್ರ ಮಾಜಿ ಸದಸ್ಯ ಬಾಧ್ಯ. ಆಮೇಲೆ ಮಾಡಿದ ಸಾಲ ಅವನದಲ್ಲ. ಆ ಬಾಧ್ಯತೆಯೂ ಎರಡು ವರ್ಷದವರೆಗೆ ಮಾತ್ರ. ಸದಸ್ಯ ತೀರಿಕೊಂಡರೆ ಅವನ ಆಸ್ತಿಯ ಮೇಲಿನ ಹೊಣೆಗೆ ಒಂದು ವರ್ಷ. ಸಂಘ ಮುಚ್ಚುವ ಹಂತಕ್ಕೆ ಬಂದಾಗ ಇದ್ದವರು, ಬಿಟ್ಟವರು ಎಷ್ಟೆಷ್ಟು ಕೊಡಬೇಕೆಂದು ಗೊತ್ತುಮಾಡುವ ಅಧಿಕಾರ ಸಮಾಪಕನಿಗಿತ್ತು. ಎರಡು ವರ್ಷದ ಗಡುವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲೂ ಮುಂದುವರಿಯಿತು.

ಬಿಟ್ಟ ಮೇಲೂ ಹಣ ಕೇಳುವುದೇ ಅನ್ಯಾಯವಲ್ಲ ಎಂಬುದು ಇಲ್ಲಿ ಸ್ಪಷ್ಟ. ಕೇಳುವುದು ಯಾವ ದಿನದವರೆಗಿನ ಬಾಕಿ, ಎಷ್ಟು ಕಾಲ ಕೇಳಬಹುದು, ಆ ಹಣ ಯಾರ ನಷ್ಟ ತುಂಬುತ್ತದೆ, ಇವೇ ಮುಖ್ಯ ಪ್ರಶ್ನೆಗಳು. ಸೊಸೈಟಿಯ ಹೊಣೆ ಜತೆಗಾರರಿಗೆ ಕೊಟ್ಟ ಮಾತಾಗಿತ್ತು.

ಓದುಗರ ಲೋಕದಲ್ಲಿ ಲೆಕ್ಕ ಬೇರೆ ಇತ್ತು. ಆಲೂರ ವೆಂಕಟರಾಯರು 1922ರಲ್ಲಿ 'ಜಯಕರ್ನಾಟಕ' ಹೊರಡಿಸಿದ, ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಧಾರವಾಡದಲ್ಲಿ ಪತ್ರಿಕೆ, ಪುಸ್ತಕಗಳ ಜೀವ ಚಂದಾದಾರರ ಕೈಯಲ್ಲಿತ್ತು. ಭಾರತದ ಅಂಚೆಯಲ್ಲಿ 1877ರಿಂದ ವಿ.ಪಿ.ಪಿ. ಇತ್ತು. ಬೇಡವೆಂದು ಮೊದಲೇ ತಿಳಿಸದ ಚಂದಾದಾರನಿಗೆ ವಿ.ಪಿ. ಕಳಿಸುವ ರೂಢಿ ಪತ್ರಿಕೆಗಳಲ್ಲಿ ಬೆಳೆಯಿತು. ಅಂದರೆ ಮೌನವೇ ಸಮ್ಮತಿ. ಆದರೂ ಪೋಸ್ಟ್‌ಮನ್ ಬಾಗಿಲಿಗೆ ಬಂದು ಹಣ ಕೇಳಬೇಕಿತ್ತು. ಒಲ್ಲೆ ಎಂದರೆ ಕಟ್ಟು ವಾಪಸು, ಅಂಚೆ ಖರ್ಚು ಪತ್ರಿಕೆಯದು. ಓದುಗನ ಮೌನಕ್ಕೆ ಬೆಲೆ ತೆರುತ್ತಿದ್ದವರು ಸಂಪಾದಕರು.

ಬ್ಯಾಂಕಿನ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಬಂದ ಮೇಲೆ ಈ ಕೊನೆಯ ಪ್ರಶ್ನೆಯೂ ಹೋಯಿತು. ಮೌನ ಸಮ್ಮತಿಯಾಗಿಯೇ ಉಳಿಯಿತು; ನಷ್ಟ ಮಾತ್ರ ಸುಮ್ಮನಿದ್ದವರ ಪಾಲಿಗೆ ಬಂತು. ಆ್ಯಪ್ ಅಳಿಸಿದರೆ ಸದಸ್ಯತ್ವ ರದ್ದಾಗುವುದಿಲ್ಲ. ಬ್ಯಾಂಕಿಗೆ ಕೊಟ್ಟ ಅನುಮತಿ ಹಿಂಪಡೆದರೂ ಅದುವರೆಗಿನ ನ್ಯಾಯವಾದ ಬಾಕಿ ಅಳಿಯುವುದಿಲ್ಲ. ಸೇವೆಯ ಕರಾರು ಒಂದು, ಹಣ ತೆಗೆಯುವ ಅನುಮತಿ ಇನ್ನೊಂದು. ಎರಡನ್ನೂ ಬೇರೆಬೇರೆ ಮುಗಿಸಿ, ಮುಗಿಸಿದ ದಿನಾಂಕದ ದಾಖಲೆ ಇಟ್ಟುಕೊಳ್ಳಬೇಕು.

ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್‌ನಿಂದ ಬಿಗಿಯಾದವು. ಕಾರ್ಡಿನಿಂದ ಇಂಥ ಆವರ್ತ ಕಡಿತ ಮಾಡುವ ಮೊದಲು ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು, ಬೇಡವೆನ್ನಲು ದಾರಿ ಇರಬೇಕು. 2023ರ ನವೆಂಬರಿನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಬಿಡುವುದನ್ನು ಬೇಕೆಂದೇ ಕಠಿಣ ಮಾಡುವ ಚಂದಾ ಬಲೆಯನ್ನು ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿತು. ಬಾಗಿಲು ಬಡಿದು ಕೇಳುತ್ತಿದ್ದ ಪೋಸ್ಟ್‌ಮನ್ನನ ಕೆಲಸ ಹೀಗೆ ಒಂದು ಎಸ್ಸೆಮ್ಮೆಸ್ಸಿಗೆ ಬಂದಿದೆ.

ಅಕ್ಷರ ಬಾರದ ಎಷ್ಟೋ ಜನ ಹೆಬ್ಬೆಟ್ಟು ಒತ್ತಿ ಸದಸ್ಯರಾಗುತ್ತಿದ್ದ ಕಾಲದ ಕಾಯ್ದೆಯೂ ಹೊರಹೋಗುವವನಿಗೆ ಒಂದು ಮೊತ್ತ, ಒಂದು ಗಡುವು ಹೇಳಿತ್ತು. ಬೆರಳ ತುದಿಯಲ್ಲಿ ನಮ್ಮನ್ನು ಸೇರಿಸಿಕೊಳ್ಳುವವರಿಂದ ನಾವು ಕನಿಷ್ಠ ಅಷ್ಟನ್ನಾದರೂ ಕೇಳಬೇಕು: ನಮ್ಮ ಲೆಕ್ಕ ಯಾವ ದಿನ ಮುಗಿಯುತ್ತದೆ?