ತಾಳೆಗರಿಯ ಬ್ಯಾಕಪ್: ಹಾರ್ಡ್ ಡ್ರೈವ್ ಕೊಳ್ಳುವ ಮೊದಲು ಕೇಳಬೇಕಾದ ನಮ್ಮೂರ ಕಥೆ

 

ಕಳೆದ ಕೆಲವು ವಾರಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ಕೇಳುಗರಿಂದ ಬರ್ತಾ ಉಂಟು. "ಮನೆ ಕಂಪ್ಯೂಟರ್ ಬ್ಯಾಕಪ್‌ಗೆ ಯಾವ ಎಕ್ಸ್‌ಟರ್ನಲ್ ಹಾರ್ಡ್ ಡ್ರೈವ್ ತಗೊಳ್ಳೋದು?" ಇತಿಹಾಸದ ಪಾಡ್‌ಕಾಸ್ಟ್‌ಗೆ ಈ ಪ್ರಶ್ನೆ ಯಾಕೆ ಅಂತ ನನಗೂ ಮೊದಲು ಅನ್ನಿಸಿತು. ಆಮೇಲೆ ಯೋಚನೆ ಮಾಡಿದರೆ, ಉಡುಪಿ ಸುತ್ತಮುತ್ತಲಿನವರು ಈ ಪ್ರಶ್ನೆಯ ಜೊತೆ ಏಳುನೂರು ವರ್ಷದಿಂದ ಗುದ್ದಾಡ್ತಾ ಇದ್ದಾರೆ. ಅವರ ಕೈಯಲ್ಲಿ ಇದ್ದದ್ದು ತಾಳೆಗರಿ, ಅಷ್ಟೇ ವ್ಯತ್ಯಾಸ.

ಮೊದಲು ನನ್ನ ತಪ್ಪು ಹೇಳ್ತೇನೆ. ನಮ್ಮ ಅಜ್ಜಿ ಕಾಪುವಿನವರು. ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುವ ಕಬಿತಗಳು ಅವರಿಗೆ ಬಾಯಿಪಾಠ ಇತ್ತು. ಮೂರು ಮಧ್ಯಾಹ್ನ ಕೂರಿಸಿ ಸುಮಾರು ಎರಡೂವರೆ ಗಂಟೆ ರೆಕಾರ್ಡ್ ಮಾಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ಎಲ್ಲವನ್ನೂ ಒಂದು ಹಾರ್ಡ್ ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪ್‌ನಿಂದ ಅಳಿಸಿದೆ. ಅಜ್ಜಿ ತೀರಿಕೊಂಡ ಮರುವರ್ಷ ಆ ಡ್ರೈವ್ ಮೇಜಿನಿಂದ ಕೆಳಗೆ ಬಿತ್ತು. ಮೇಜು ಎಷ್ಟು ಎತ್ತರ? ಎರಡೂವರೆ ಅಡಿ. ಚುಚ್ಚಿದರೆ ಟಕ್ ಟಕ್ ಅಂತ ಶಬ್ದ, ಅಷ್ಟೇ. ನನ್ನ ತಲೆಯಲ್ಲಿ ಅದಕ್ಕೆ 'ಬ್ಯಾಕಪ್' ಅಂತ ಹೆಸರಿತ್ತು. ನಿಜ ಹೇಳಬೇಕಂದ್ರೆ ಅದು ಬ್ಯಾಕಪ್ ಆಗಿರಲೇ ಇಲ್ಲ. ಇದ್ದ ಒಂದೇ ಪ್ರತಿಯನ್ನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಿದ್ದೆ, ಅಷ್ಟೇ.

ಈಗ ಹಿಂದೆ ಹೋಗೋಣ.

ತಾಳೆಗರಿಯನ್ನ ಬೇಯಿಸಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಅದರ ಮೇಲೆ ಅಕ್ಷರ ಕೊರೀತಿದ್ರು. ಮೇಲಿಂದ ಮಸಿ ಉಜ್ಜಿದರೆ ಗೀರಿನೊಳಗೆ ಕಪ್ಪು ನಿಲ್ಲುತ್ತೆ, ಅಕ್ಷರ ಕಾಣುತ್ತೆ. ಒಳ್ಳೆಯ ಗರಿ ಚೆನ್ನಾಗಿ ನೋಡಿಕೊಂಡರೆ ಕೆಲವು ಶತಮಾನ ಬಾಳುತ್ತೆ. ಆದರೆ ನಮ್ಮ ಕರಾವಳಿ ಗೊತ್ತಲ್ಲ ಮಾರಾಯ್ರೆ, ನಾಲ್ಕು ತಿಂಗಳು ಮಳೆ, ಗೋಡೆಯಲ್ಲೇ ಬೂಸ್ಟು, ಗೆದ್ದಲು ಬೇರೆ. ಹಾಗಾಗಿ ಗರಿ ಶಾಶ್ವತ ಅಂತ ಅವರು ನಂಬಿ ಕೂರಲಿಲ್ಲ. ಹಳೇ ಗರಿ ಜೀರ್ಣ ಆಗುವ ಮೊದಲು ಹೊಸ ಗರಿಗೆ ಪ್ರತಿ ಮಾಡೋದು, ಅದೇ ಅವರ ಬ್ಯಾಕಪ್.

ಕಳ್ಳತನದ ಭಯವೂ ಇತ್ತು. ಮಧ್ವಾಚಾರ್ಯರ ಕಾಲ 1238ರಿಂದ 1317. ಅವರ ಜೀವನಚರಿತ್ರೆ 'ಸುಮಧ್ವವಿಜಯ'ದಲ್ಲಿ ಒಂದು ಪ್ರಸಂಗ ಬರುತ್ತೆ. ಎದುರಾಳಿಗಳು ಅವರ ಗ್ರಂಥಭಂಡಾರವನ್ನೇ ಅಪಹರಿಸ್ತಾರೆ. ಕೊನೆಗೆ ಅದು ವಾಪಸ್ ಬಂದದ್ದು ಕುಂಬಳೆಯ ಅರಸ ಜಯಸಿಂಹನ ಮಧ್ಯಸ್ಥಿಕೆಯಿಂದ. ಕುಂಬಳೆ ಅಂದ್ರೆ ಇವತ್ತಿನ ಕಾಸರಗೋಡು ಜಿಲ್ಲೆ. ನಮ್ಮ ಕಾಲದಲ್ಲಿ ಬ್ಯಾಗ್ ಸಮೇತ ಲ್ಯಾಪ್‌ಟಾಪ್ ಹೋದರೆ ವಾಪಸ್ ಕೊಡಿಸಲಿಕ್ಕೆ ಯಾವ ರಾಜನೂ ಬರುವುದಿಲ್ಲ. ಆ ಬ್ಯಾಗ್‌ನಲ್ಲೇ ಹಾರ್ಡ್ ಡ್ರೈವ್ ಕೂಡ ಇದ್ದರೆ ಎರಡೂ ಒಟ್ಟಿಗೆ ಹೋಗ್ತವೆ.

ಇನ್ನೊಂದು ಕಥೆ ಕಾರ್ಕಳದಿಂದ ಬರೀ 18 ಕಿಲೋಮೀಟರ್ ದೂರದ ಮೂಡುಬಿದಿರೆಯದ್ದು. ದಿಗಂಬರ ಜೈನರ ಅತ್ಯಂತ ಹಳೆಯ ಆಗಮ 'ಷಟ್‌ಖಂಡಾಗಮ'. ಅದಕ್ಕೆ ಆಚಾರ್ಯ ವೀರಸೇನರು ಬರೆದ ದೊಡ್ಡ ಟೀಕೆ 'ಧವಲಾ'. ಇವುಗಳ ತಾಳೆಗರಿ ಪ್ರತಿಗಳು ಸುಮಾರು 12ನೇ ಶತಮಾನದವು, ಹಳಗನ್ನಡ ಲಿಪಿಯಲ್ಲಿ ಉಂಟು. ಪ್ರಪಂಚದಲ್ಲಿ ಉಳಿದಿದ್ದದ್ದು ಒಂದೇ ಕಡೆ, ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಯಾತ್ರೆಗೆ ಬಂದವರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗ್ತಿದ್ರು. ಓದುವವರು ಇಲ್ಲ, ಹೊರಗೆ ಕೊಡುವ ಕ್ರಮವೂ ಇಲ್ಲ. ಒಂದು ಬೆಂಕಿ ಅನಾಹುತ ಸಾಕಿತ್ತು, ಎಲ್ಲ ಮುಗೀತಿತ್ತು.

1896ರಲ್ಲಿ ಅಲ್ಲೇ ಪ್ರತಿ ಮಾಡುವ ಕೆಲಸ ಶುರುವಾಯಿತು. ಆ ಕೆಲಸದಲ್ಲಿದ್ದ ಗಜಪತಿ ಉಪಾಧ್ಯಾಯರು, ಒಪ್ಪಿದ ಪ್ರತಿಯ ಜೊತೆಗೆ, ಪತ್ನಿಯ ಸಹಾಯದಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಉತ್ತರ ಭಾರತದ ಸಹಾರನ್‌ಪುರ ಸೇರಿತು. ಅಲ್ಲಿಂದ ಮತ್ತೆ ಪ್ರತಿಯ ಪ್ರತಿಗಳಾದವು. ಆ ಪ್ರತಿಗಳನ್ನ ಇಟ್ಟುಕೊಂಡೇ ಹೀರಾಲಾಲ್ ಜೈನ್ ಅವರು 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದರು. ಒಟ್ಟು 16 ಸಂಪುಟ ಆಯಿತು.

ಅವರು ಮಾಡಿದ್ದು ಸರಿಯೋ ತಪ್ಪೋ? ನಾನು ಇದನ್ನ ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಕೊಟ್ಟ ಮಾತು ಮೀರಿದ್ದು ಹೌದು. ಪವಿತ್ರ ಅಂತ ಕಾಪಾಡಿದವರ ನಂಬಿಕೆಗೂ ಬೆಲೆ ಉಂಟು, ಅವರು ಏಳೆಂಟು ಶತಮಾನ ಕಾಪಾಡದಿದ್ದರೆ ಪ್ರತಿ ಮಾಡಲಿಕ್ಕೆ ಏನೂ ಇರ್ತಿರಲಿಲ್ಲ. ಆದರೆ ಮೂಡುಬಿದಿರೆಯಿಂದ ಹೊರಗೆ ಒಂದು ಪ್ರತಿ ಇದ್ದದ್ದು ಆ ಮೇಲೆಯೇ. ಇನ್ನೂ ಒಂದು ಮಾತು. ಪ್ರತಿಯ ಪ್ರತಿಯಲ್ಲಿ ತಪ್ಪುಗಳು ಸೇರಿಕೊಳ್ತವೆ, ಸಾಲು ಬಿಟ್ಟು ಹೋಗ್ತದೆ. ಮುಂದಿನ ಸಂಪುಟಗಳ ಹೊತ್ತಿಗೆ ಮೂಡುಬಿದಿರೆಯವರೂ ಸಹಕಾರ ಕೊಟ್ಟರು, ಮೂಲ ಗರಿಯ ಜೊತೆ ಹೋಲಿಸಿ ಪಾಠ ತಿದ್ದಲಿಕ್ಕೆ ಆಯಿತು. ಮೂಲ ಕಾದವರು, ಪ್ರತಿ ಮಾಡಿದವರು, ಎರಡನ್ನೂ ಹೋಲಿಸಿ ನೋಡಿದವರು. ಮೂರೂ ಜನ ಬೇಕಾಯ್ತು.

ಈಗ ವಾಪಸ್ ಉಡುಪಿಗೆ. ಇದು ತೀರಾ ಇತ್ತೀಚಿನದ್ದು.

2005ರ ಡಿಸೆಂಬರ್. ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಎಂಬ ಇಬ್ಬರು ಪ್ರೊಫೆಸರ್‌ಗಳು ಉಡುಪಿಗೆ ಬಂದರು. ಅವರು ನೋಡಲು ಬಂದದ್ದು ಮಠದಲ್ಲಿದ್ದ, ಮಧ್ವಾಚಾರ್ಯರ ಕೃತಿಗಳ ಸಂಗ್ರಹ 'ಸರ್ವಮೂಲ ಗ್ರಂಥ'ದ ಸುಮಾರು 700 ವರ್ಷ ಹಳೆಯ ತಾಳೆಗರಿ ಕಟ್ಟು. ಸುಮಾರು 340 ಗರಿ, ಒಂದೊಂದು 26 ಇಂಚು ಉದ್ದ, 2 ಇಂಚು ಅಗಲ. ಅಂಚು ಒಡೆದು ಪುಡಿಯಾಗ್ತಿತ್ತು. ಒಂದು ಕಾಲದಲ್ಲಿ ಒಳ್ಳೇದಾಗಲಿ ಅಂತ ಹಚ್ಚಿದ ಎಣ್ಣೆಯೇ ಗರಿಯನ್ನ ಕಡುಕಂದು ಮಾಡಿ ಅಕ್ಷರ ಮುಚ್ಚಿತ್ತು.

2006ರ ಜೂನ್‌ನಲ್ಲಿ ತಂಡ ಮತ್ತೆ ಬಂದು ಆರು ದಿನ ಫೋಟೋ ತೆಗೆಯಿತು. ಗರಿಯ ಎರಡೂ ಬದಿ, ಒಂದೊಂದು ಬದಿಯನ್ನ ಎಂಟರಿಂದ ಹತ್ತು ತುಂಡಾಗಿ. ಕ್ಯಾಮೆರಾಕ್ಕೆ ಇನ್‌ಫ್ರಾರೆಡ್ ಫಿಲ್ಟರ್ ಹಾಕಿದ್ದರು. ಯಾಕಂದ್ರೆ ಬರಿಗಣ್ಣಿಗೆ ಕಂದು ಗರಿ, ಕಪ್ಪು ಮಸಿ ಒಂದೇ ತರ ಕಂಡರೂ ಇನ್‌ಫ್ರಾರೆಡ್‌ನಲ್ಲಿ ಬೇರೆ ಬೇರೆ ಕಾಣ್ತವೆ. ಒಟ್ಟು 7,900 ಚಿತ್ರ. ಅವನ್ನೆಲ್ಲ ಕಂಪ್ಯೂಟರ್‌ನಲ್ಲಿ ಹೊಲಿದು ಪೂರ್ತಿ ಗರಿ ಮಾಡಿದರು. ಈಸ್ಟನ್ ಅವರು ಇದೇ ತರದ ವಿಧಾನವನ್ನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್‌ನ ಅಳಿಸಿಹೋದ ಹಸ್ತಪ್ರತಿ ಓದಲಿಕ್ಕೂ ಬಳಸಿದ್ದರು.

ನನಗೆ ಇಷ್ಟವಾದದ್ದು ಆಮೇಲಿನ ಯೋಜನೆ. ಚಿತ್ರಗಳನ್ನ ಅವರು ಒಂದೇ ಕಡೆ ಇಡಲು ಹೋಗಲಿಲ್ಲ. ಡಿಜಿಟಲ್ ಫೈಲ್ ಒಂದು, ಅಚ್ಚಾದ ಪುಸ್ತಕ ಇನ್ನೊಂದು, ಮೂರನೆಯದು ಸಿಲಿಕಾನ್ ವೇಫರ್. ಅಂದ್ರೆ ಕಂಪ್ಯೂಟರ್ ಚಿಪ್ ಮಾಡುವ ಆ ಬಿಲ್ಲೆಯ ಮೇಲೆ ಲೋಹದಲ್ಲಿ ಅಕ್ಷರದ ಚಿತ್ರ ಮೂಡಿಸೋದು. ಒಂದು ಬಿಲ್ಲೆಗೆ ಮೂರು ಗರಿ. ನೀರಿಗೂ ಬೆಂಕಿಗೂ ಜಗ್ಗೋದಿಲ್ಲ, ಓದಲಿಕ್ಕೆ ಕಂಪ್ಯೂಟರ್ ಬೇಡ, ಭೂತಗನ್ನಡಿ ಸಾಕು.

ಓದುವುದು ಅಂದಾಗ ನೆನಪಾಯಿತು. ನಮ್ಮ ಕರಾವಳಿಯ ಸಂಸ್ಕೃತ ತಾಳೆಗರಿಗಳಲ್ಲಿ ಹೆಚ್ಚಿನವು ತುಳು-ತಿಗಳಾರಿ ಲಿಪಿಯಲ್ಲಿ ಇವೆ. ಗರಿ ಗಟ್ಟಿ ಇದ್ದರೂ ಲಿಪಿ ಬಲ್ಲವರು ಇಲ್ಲದಿದ್ದರೆ ಏನು ಪ್ರಯೋಜನ? ಈ ಲಿಪಿ ಯೂನಿಕೋಡ್‌ಗೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ, 16ನೇ ಆವೃತ್ತಿಯಲ್ಲಿ. ನಿಮ್ಮ ಮನೆಯ ಕಪಾಟಿನಲ್ಲಿ ಅಪ್ಪನ ಕಾಲದ ಫ್ಲಾಪಿ ಇದ್ದರೆ ಅದರದ್ದೂ ಇದೇ ಪಾಡು.

ಸರಿ, ಈಗ ಹಾರ್ಡ್ ಡ್ರೈವ್.

ಮೊದಲ ಹಾರ್ಡ್ ಡ್ರೈವ್ 1956ರಲ್ಲಿ ಐಬಿಎಂನಿಂದ ಬಂತು. ಎರಡು ಅಡಿ ಅಗಲದ 50 ತಟ್ಟೆ, ತೂಕ ಸುಮಾರು ಒಂದು ಟನ್, ಹಿಡಿಸುತ್ತಿದ್ದದ್ದು ಹೆಚ್ಚುಕಡಿಮೆ 5 ಎಂಬಿ. ಇವತ್ತು ನಿಮ್ಮ ಫೋನಿನ ಒಂದು ಫೋಟೋ ಅಷ್ಟು. ಗಾತ್ರ ಕಿರಿದಾಯ್ತು, ತತ್ವ ಅದೇ. ಒಳಗೆ ತಟ್ಟೆ ತಿರುಗುತ್ತೆ, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಓದುವ ಹೆಡ್ ತೇಲುತ್ತೆ. ಬಿದ್ದರೆ ಹೆಡ್ ತಟ್ಟೆಗೆ ತಾಗುತ್ತೆ. ನನ್ನ ಡ್ರೈವ್‌ನ ಟಕ್ ಟಕ್ ಶಬ್ದ ಅದೇ ತರದ್ದು.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲ, ಬಿದ್ದರೂ ತಡೀತದೆ, ವೇಗವೂ ಹೆಚ್ಚು. ಬೆಲೆ ಜಾಸ್ತಿ. ಕರೆಂಟ್ ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದರೊಳಗಿನ ಚಾರ್ಜ್ ನಿಧಾನಕ್ಕೆ ಸೋರಬಹುದು. ದಿನಾ ಬ್ಯಾಗ್‌ನಲ್ಲಿ ಓಡಾಡಲಿಕ್ಕೆ ಎಸ್‌ಎಸ್‌ಡಿ, ಮನೆಯಲ್ಲೇ ಇಡಲಿಕ್ಕೆ ಮಾಮೂಲಿ ಹಾರ್ಡ್ ಡ್ರೈವ್, ಹೀಗೆ ನೋಡಿ. ಸೈಜ್ ಎಷ್ಟು? ಈಗ ಇರುವ ಡೇಟಾದ ಎರಡು ಪಟ್ಟು. ಬಾಕ್ಸ್ ಮೇಲೆ 1 ಟಿಬಿ ಅಂತ ಇದ್ದು ವಿಂಡೋಸ್‌ನಲ್ಲಿ 931 ಜಿಬಿ ತೋರಿಸಿದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತೆ, ಕಂಪ್ಯೂಟರ್ 1,024ರ ಲೆಕ್ಕದಲ್ಲಿ. ಮನೆಯಲ್ಲಿ ವಿಂಡೋಸ್ ಮತ್ತು ಮ್ಯಾಕ್ ಎರಡೂ ಇದ್ದರೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಇಡಿ, ಎರಡೂ ಓದ್ತವೆ, ಬರೀತವೆ.

ಆದರೆ ಯಾವ ಬ್ರ್ಯಾಂಡ್ ಅನ್ನೋದಕ್ಕಿಂತ ಎಷ್ಟು ಪ್ರತಿ, ಎಲ್ಲಿ ಅನ್ನೋದು ದೊಡ್ಡ ಪ್ರಶ್ನೆ. ದುಬಾರಿ ಡ್ರೈವ್ ಒಂದರ ಬದಲು ಸಾಧಾರಣದ್ದು ಎರಡು ತಗೊಳ್ಳಿ. ಫೋಟೋಗ್ರಾಫರ್‌ಗಳು ಬಳಸುವ '3-2-1' ಲೆಕ್ಕ ಉಂಟಲ್ಲ, ಮೂರು ಪ್ರತಿ, ಎರಡು ತರದ ಮಾಧ್ಯಮ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಸರ್ವಮೂಲದವರು ಮಾಡಹೊರಟದ್ದೂ, ಸಹಾರನ್‌ಪುರದ ಪ್ರತಿ ಮಾಡಿದ್ದೂ ಇದನ್ನೇ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದು ಮನೆಯೊಳಗೆ ನೀರು ನುಗ್ಗಿದ್ದು ನೆನಪಿದೆಯಾ? ಕಂಪ್ಯೂಟರ್ ಮತ್ತು ಡ್ರೈವ್ ಎರಡೂ ಒಂದೇ ಮೇಜಿನ ಕೆಳಗಿದ್ದರೆ ಎರಡೂ ಒಟ್ಟಿಗೆ ಮುಳುಗ್ತವೆ.

ಬ್ಯಾಕಪ್ ಆದ ತಕ್ಷಣ ಡ್ರೈವ್ ಬಿಚ್ಚಿ ಇಡಿ. ಚುಚ್ಚಿಯೇ ಇಟ್ಟರೆ ಸಿಡಿಲು ಬಡಿದರೂ, ರ್‍ಯಾನ್ಸಮ್‌ವೇರ್ ಬಂದರೂ ಅದೂ ಹೋಗುತ್ತೆ. ಮಳೆಗಾಲದಲ್ಲಿ ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಆರು ತಿಂಗಳಿಗೊಮ್ಮೆ ಅದರಿಂದ ನಾಲ್ಕೈದು ಫೈಲ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಅಂದ್ರೆ ಯಾರೂ ಓದದೆ ಕೈಮುಗಿಯುವ ಗರಿಯ ಹಾಗೆ. ಐದು ವರ್ಷ ಆಗುವ ಹೊತ್ತಿಗೆ ಹೊಸ ಡ್ರೈವ್‌ಗೆ ಪ್ರತಿ ಮಾಡಿ.

ಇದಕ್ಕೆಲ್ಲ ಸಮಯ ಎಲ್ಲಿ ಅಂತೀರಾ? ನಾನು ಬಿ.ಕಾಂ. ಓದಿದವನು, ಒಂದು ಬ್ಯಾಂಕಿನ ಕಥೆ ಹೇಳ್ತೇನೆ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆ ತಂತು. ಏಜೆಂಟ್ ದಿನಾ ಮನೆಬಾಗಿಲಿಗೆ ಬರ್ತಿದ್ದ, ಎರಡಾಣೆ ಕೊಟ್ಟರೂ ಸಾಕಿತ್ತು. ದೊಡ್ಡ ಮೊತ್ತ ಕೂಡಿದ ಮೇಲೆ ಇಡ್ತೇನೆ ಅಂದವರ ಹತ್ತಿರ ಮೊತ್ತ ಕೂಡಲಿಲ್ಲ, ದಿನಾ ಸ್ವಲ್ಪ ಇಟ್ಟವರ ಹತ್ತಿರ ಕೂಡಿತು. ಬ್ಯಾಕಪ್ ಕೂಡ ಪಿಗ್ಮಿಯೇ. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ ಟೈಮ್ ಮೆಷಿನ್ ಉಂಟು. ಭಾನುವಾರ ಬೆಳಿಗ್ಗೆ ಡ್ರೈವ್ ಚುಚ್ಚಿ, ಚಾ ಕುಡಿದು ಮುಗಿಯುವಷ್ಟರಲ್ಲಿ ಆ ವಾರದ್ದು ಆಗಿರ್ತದೆ.

ಕೊನೆಗೆ ಅಜ್ಜಿಯ ವಿಷಯ. ರೆಕಾರ್ಡ್ ಮಾಡಿದ ಮೊದಲ ದಿನ ನಾನು ಖುಷಿಗೆ ಒಂದು ತುಣುಕನ್ನ ಮುಂಬೈಯಲ್ಲಿರುವ ಚಿಕ್ಕಮ್ಮನಿಗೆ ವಾಟ್ಸ್ಆ್ಯಪ್ ಮಾಡಿದ್ದೆ. ನನಗದು ಮರೆತೇ ಹೋಗಿತ್ತು. ವರ್ಷಾಂತಿಕದ ದಿನ ಚಿಕ್ಕಮ್ಮ ಅವರ ಫೋನ್‌ನಿಂದ ಅದನ್ನ ಹಾಕಿದರು. ಹನ್ನೊಂದು ನಿಮಿಷ. ಹಿಂದೆ ಮಿಕ್ಸಿ ಶಬ್ದ, ಮಧ್ಯದಲ್ಲಿ ಅಜ್ಜಿ ಕೆಮ್ಮುತ್ತಾರೆ, ಸಾಲು ಮರೆತು ನಗ್ತಾರೆ. ಎರಡೂವರೆ ಗಂಟೆಯಲ್ಲಿ ಉಳಿದದ್ದು ಅಷ್ಟೇ. ಉಳಿದದ್ದು ಯಾಕೆ ಅಂದ್ರೆ ಬೇರೆ ಊರಲ್ಲಿ, ಬೇರೆಯವರ ಹತ್ತಿರ ಇತ್ತು.

ಈಗ ಆ ಹನ್ನೊಂದು ನಿಮಿಷ ನಾಲ್ಕು ಕಡೆ ಉಂಟು. ಇವತ್ತು ಈ ಸಂಚಿಕೆ ಮುಗಿದ ಮೇಲೆ ನೀವೂ ಒಂದು ಕೆಲಸ ಮಾಡಿ. ಹೋದರೆ ಮತ್ತೆ ಸಿಗದ ಒಂದು ಫೈಲ್ ಯಾವುದು ಅಂತ ಯೋಚಿಸಿ, ಅದೊಂದನ್ನ ಬೇರೆ ಊರಿನ ಯಾರಿಗಾದರೂ ಕಳಿಸಿ. ಡ್ರೈವ್ ನಿಧಾನಕ್ಕೆ ಕೊಳ್ಳಬಹುದು.