ಅಮೆರಿಕದ ಗರ್ಭನಿರೋಧ ವಿಮಾ ವಿವಾದ ಮತ್ತು ಧರ್ಮಸ್ವಾತಂತ್ರ್ಯ

ಕೃತಕ ಗರ್ಭನಿರೋಧವು ನಿಷಿದ್ಧವೆಂಬ ಕ್ಯಾಥೊಲಿಕ್ ಬೋಧೆಯನ್ನು ಪೋಪ್ ಆರನೆಯ ಪಾಲ್ 1968ರಲ್ಲಿ ಪುನಃ ದೃಢಪಡಿಸಿದರು. ಅಮೆರಿಕದಲ್ಲಿ ಉದ್ಯೋಗದಾತನೇ ಆರೋಗ್ಯವಿಮೆಯನ್ನು ಒದಗಿಸುವ ಪದ್ಧತಿಯು ಎರಡನೆಯ ಮಹಾಯುದ್ಧಕಾಲದ ವೇತನ ನಿಯಂತ್ರಣದಿಂದ ಬಲಗೊಂಡಿತು. ಈ ಎರಡು ಧಾರೆಗಳು ಸಂಘರ್ಷಿಸಿದುದು 2010ರ ಆರೋಗ್ಯ ಶಾಸನದ ಅನ್ವಯ ಗರ್ಭನಿರೋಧವನ್ನು ವಿಮೆಗೆ ಸೇರಿಸಬೇಕೆಂಬ ನಿಯಮವು ಬಂದಾಗ. ಚರ್ಚುಗಳಿಗೆ ವಿನಾಯಿತಿಯಿತ್ತು, ಕ್ಯಾಥೊಲಿಕ್ ಆಸ್ಪತ್ರೆ, ವಿದ್ಯಾಲಯಗಳಿಗೆ ಇರಲಿಲ್ಲ.

2012ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮ ಅವರು, ಆಕ್ಷೇಪಿಸುವ ಸಂಸ್ಥೆಗಳ ಪರವಾಗಿ ವಿಮಾ ಕಂಪನಿಯೇ ವೆಚ್ಚವನ್ನು ಹೊರುವ ಏರ್ಪಾಡನ್ನು ಸೂಚಿಸಿದರು. ಆದರೆ ಅದಕ್ಕಾಗಿ ನಮೂನೆಗೆ ರುಜು ಹಾಕುವುದೇ ಪಾಪಕ್ಕೆ ನೆರವಾದಂತೆಂದು, ಬಡ ವೃದ್ಧರನ್ನು ಸಲಹುವ ಲಿಟ್ಲ್ ಸಿಸ್ಟರ್ಸ್ ಸಂನ್ಯಾಸಿನಿಯರು 1993ರ ಧರ್ಮಸ್ವಾತಂತ್ರ್ಯ ಶಾಸನವನ್ನು ಆಧರಿಸಿ ವಾದಿಸಿದರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಯನ್ನು ನಿರ್ಣಯಿಸದೆ ಮೊಕದ್ದಮೆಗಳನ್ನು ಕೆಳಗಿನ ನ್ಯಾಯಾಲಯಗಳಿಗೆ ಮರಳಿಸಿತು. 2020ರಲ್ಲಿ, ವಿನಾಯಿತಿಯನ್ನು ವಿಸ್ತರಿಸಲು ಸರ್ಕಾರಕ್ಕೆ ಅಧಿಕಾರವುಂಟೆಂದು 7–2ರ ಬಹುಮತದಿಂದ ತೀರ್ಪಿತ್ತಿತು.

ಕ್ಯಾಥೊಲಿಕ್ ಆಸ್ಪತ್ರೆಯ ದಾದಿಯು ಕ್ಯಾಥೊಲಿಕಳಾಗಿರಲೇಬೇಕೆಂದಿಲ್ಲ, ಅವಳಿಗೂ ಅಂತಃಸಾಕ್ಷಿಯುಂಟು. ಸಂನ್ಯಾಸಿನಿಯ ಸ್ವಾತಂತ್ರ್ಯವನ್ನೂ ದಾದಿಯ ಸ್ವಾತಂತ್ರ್ಯವನ್ನೂ ಎದುರುಬದುರಾಗಿ ನಿಲ್ಲಿಸಿದುದು ಮತಬೋಧೆಯೊಂದೇ ಅಲ್ಲ, ವಿಮೆಯನ್ನು ಉದ್ಯೋಗಕ್ಕೆ ಕಟ್ಟಿಹಾಕಿದ ವ್ಯವಸ್ಥೆಯೂ ಹೌದು. ಇದನ್ನು ಮರೆತು ಒಂದು ಪಕ್ಷವನ್ನು ಮಾತ್ರ ದೂರುವುದು ಇತಿಹಾಸದ ವಿದ್ಯಾರ್ಥಿಗೆ ಉಚಿತವಲ್ಲ.