ಎಂಬಿಬಿಎಸ್ ಆಯ್ತು, ಮುಂದೆ? ಫಿಸಿಶಿಯನ್ ಆಗುವ ಮೂರು ವರ್ಷ

ಮನೆಯ ಮಗ ಅಥವಾ ಮಗಳು ಎಂಬಿಬಿಎಸ್ ಪಾಸಾದ ಕೂಡಲೇ ಕುಟುಂಬದವರು ಕೇಳುವುದು, "ಕ್ಲಿನಿಕ್ ಯಾವಾಗ?" ಆದರೆ ನಾವು 'ಎಂಡಿ ಡಾಕ್ಟರ್' ಎನ್ನುವ ಫಿಸಿಶಿಯನ್ ಆಗಲು ಇನ್ನೂ 3 ವರ್ಷ ಬೇಕು. ಈ ಅವಧಿಯಲ್ಲಿ ಅವರು ವಿದ್ಯಾರ್ಥಿಯೂ ಹೌದು, ಆಸ್ಪತ್ರೆಯ ಡಾಕ್ಟರೂ ಹೌದು. ಇವರನ್ನೇ ಜೂನಿಯರ್ ರೆಸಿಡೆಂಟ್ ಎನ್ನುತ್ತಾರೆ.

ಸೀಟು ಸಿಗುವುದು ಹೇಗೆ?

ನಾಲ್ಕೂವರೆ ವರ್ಷದ ಓದು, 1 ವರ್ಷದ ಇಂಟರ್ನ್‌ಶಿಪ್ ಮುಗಿಸಿ ನೀಟ್-ಪಿಜಿ ಬರೆಯಬೇಕು. 200 ಪ್ರಶ್ನೆ, 800 ಅಂಕ. ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಸರಕಾರಿ ಕಾಲೇಜುಗಳ ಶೇ. 50 ಅಖಿಲ ಭಾರತ ಕೋಟಾ ಸೀಟುಗಳ ಮತ್ತು ದೇರಳಕಟ್ಟೆಯ ಯೆನೆಪೋಯದಂಥ ಡೀಮ್ಡ್ ವಿವಿಗಳ ಸೀಟುಗಳ ಕೌನ್ಸೆಲಿಂಗ್ ಎಂಸಿಸಿ ನಡೆಸುತ್ತದೆ. ರಾಜ್ಯ ಕೋಟಾಕ್ಕೆ ಕರ್ನಾಟಕದಲ್ಲಿ ಕೆಇಎ, ಕೇರಳದಲ್ಲಿ ಪ್ರವೇಶ ಪರೀಕ್ಷಾ ಆಯುಕ್ತರ ಕಚೇರಿ. ಎಂಡಿ ಸಿಗದಿದ್ದರೆ 3 ವರ್ಷದ ಡಿಎನ್‌ಬಿ ಕೂಡ ಒಳ್ಳೆಯ ದಾರಿ.

ಕೆಲಸ ಏನು?

ಮೊದಲ ವರ್ಷ ವಾರ್ಡೇ ಮನೆ. ರೋಗಿಯ ಹಿನ್ನೆಲೆ ಕೇಳುವುದು, ರಕ್ತ ತೆಗೆಯುವುದು, ರೌಂಡ್ಸ್‌ನಲ್ಲಿ ಯೂನಿಟ್ ಚೀಫ್ ಮುಂದೆ ಕೇಸ್ ಹೇಳುವುದು, ಡಿಸ್ಚಾರ್ಜ್ ಸಮ್ಮರಿ ಬರೆಯುವುದು. ಮಳೆಗಾಲ ಬಂತೆಂದರೆ ಡೆಂಗ್ಯೂ, ಮಲೇರಿಯಾ, ಇಲಿಜ್ವರ. ಆಮೇಲೆ ಐಸಿಯು ಹೊಣೆ ಮತ್ತು ಕಿರಿಯರಿಗೆ ಕಲಿಸುವ ಕೆಲಸ. ನಡುವೆ 3 ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕಡ್ಡಾಯ ಸೇವೆ. ಜೊತೆಗೆ ಥೀಸಿಸ್, ಅದು ಒಪ್ಪಿಗೆಯಾಗದೆ ಅಂತಿಮ ಪರೀಕ್ಷೆ ಇಲ್ಲ. ಪರೀಕ್ಷೆಯಲ್ಲಿ 4 ಥಿಯರಿ ಪೇಪರ್, ಕ್ಲಿನಿಕಲ್, ವೈವಾ.

ಡ್ಯೂಟಿ: ಕಾಗದದಲ್ಲಿ, ವಾರ್ಡ್‌ನಲ್ಲಿ

ಕೇಂದ್ರ ಸರಕಾರದ 1992ರ ರೆಸಿಡೆನ್ಸಿ ಸೂಚನೆ ಪ್ರಕಾರ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಮೀರಬಾರದು. ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ 'ಸಮಂಜಸ' ಅವಧಿ ಎಂದಷ್ಟೇ ಇದೆ, ಗಂಟೆಯ ಲೆಕ್ಕ ಇಲ್ಲ. ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ ಉಂಟು. ಆದರೂ 24, 36 ಗಂಟೆಗಳ ಡ್ಯೂಟಿ ಅನೇಕ ಕಡೆ ನಡೆಯುತ್ತಲೇ ಇದೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ತರಬೇತಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ದೇಶದ ಗಮನ ಇತ್ತ ಹರಿಯಿತು. ಸುಪ್ರೀಂ ಕೋರ್ಟ್ ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು.

ಸೀಟು ಆರಿಸುವ ಮುಂಚೆ

ಅಲ್ಲಿ ಈಗ ಓದುತ್ತಿರುವವರಲ್ಲೇ ವಿಚಾರಿಸಿ: ಸ್ಟೈಪೆಂಡ್ ನಿಜವಾಗಿ ಕೈಗೆ ಬರುತ್ತದಾ? ನಡುವೆ ಬಿಟ್ಟರೆ ಬಾಂಡ್ ಮೊತ್ತ ಎಷ್ಟು? ಹುಡುಗಿಯರಿಗೆ ಬೀಗ ಇರುವ ಡ್ಯೂಟಿ ರೂಮ್ ಇದೆಯಾ? ರೋಗಿಗಳು ಸಾಕಷ್ಟು ಬರುತ್ತಾರಾ? ರೋಗಿಗಳಿಲ್ಲದ ಕಡೆ ಕಲಿಕೆಯೂ ಇಲ್ಲ.

ಮನೆಯವರಿಗೂ ಒಂದು ಮಾತು. ಫೋನ್ ತೆಗೆಯಲಿಲ್ಲ, ಮದುವೆಗೆ ಬರಲಿಲ್ಲ, ಪೆರ್ನಾಲ್ ದಿನವೂ ಡ್ಯೂಟಿ ಎಂದು ಬೇಸರ ಬೇಡ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಓದು ಬಿಡುತ್ತೇನೆ ಎಂದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆ ಏನಿಲ್ಲ.

ನಮಗೆ ಯಾಕೆ ಮುಖ್ಯ?

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಗಡಿಯ ಈಚೆಗೂ ಫಿಸಿಶಿಯನ್‌ಗಳು ಬೇಕು. ಬ್ಯಾರಿ, ತುಳು, ಕನ್ನಡ, ಮಲಯಾಳ ಬಲ್ಲ ಡಾಕ್ಟರಿಗೆ ಇಲ್ಲಿನ ಅಜ್ಜಿ ಎದೆನೋವನ್ನು ತನ್ನದೇ ಮಾತಿನಲ್ಲಿ ಹೇಳಬಹುದು. ಎಂಡಿ ನಂತರ ನೀಟ್-ಎಸ್‌ಎಸ್ ಬರೆದು 3 ವರ್ಷದ ಡಿಎಂ ಮಾಡಿದರೆ ಹೃದ್ರೋಗ, ಕಿಡ್ನಿ, ನರರೋಗ ತಜ್ಞರಾಗುವ ದಾರಿಯೂ ತೆರೆದಿದೆ.